ಮಳೆಯಲ್ಲಿ 4×5 ಕ್ಯಾಮೆರಾ: ಮೊದಲು ಬೆಲ್ಲೋಸ್ ಕಾಪಾಡಿ

ಆಗುಂಬೆ ಕಡೆ ಮಳೆಗಾಲದಲ್ಲಿ 4×5 ಕ್ಯಾಮೆರಾ (4×5 ಇಂಚಿನ ಫಿಲ್ಮ್ ಹಾಳೆ ಹಾಕುವ ದೊಡ್ಡ ಕ್ಯಾಮೆರಾ) ಒಯ್ಯುವವರು ಮೊದಲು ಬೆಲ್ಲೋಸ್ ಬಗ್ಗೆ, ಅಂದರೆ ಲೆನ್ಸ್‌ಗೂ ಫಿಲ್ಮ್‌ಗೂ ನಡುವಿನ ಮಡಿಕೆ ಮಡಿಕೆಯ ತಿದಿಯ ಬಗ್ಗೆ ಯೋಚಿಸಿ. ಲೆನ್ಸ್ ಮೇಲಿನ ಹನಿ ಒರೆಸಿದರೆ ಹೋಗುತ್ತದೆ. ಬೆಲ್ಲೋಸ್ ಮಡಿಕೆಯಲ್ಲಿ ನೀರು ನಿಂತರೆ ಅಂಟು ಬಿಡುತ್ತದೆ, ಬೂಸ್ಟು ಹಿಡಿಯುತ್ತದೆ. ಆಮೇಲೆ ಸಣ್ಣ ತೂತು ಬಿದ್ದರೂ ಬೆಳಕು ಸೋರಿ ಫಿಲ್ಮ್ ಹಾಳು.

ಛತ್ರಿ ಹಿಡಿಯಲು ಒಬ್ಬರು ಜೊತೆಗಿರಲಿ. ಅದನ್ನು ಟ್ರೈಪಾಡ್‌ಗೆ ಕಟ್ಟಲೇಬೇಡಿ, ಜೋರು ಗಾಳಿ ಬಂದರೆ ಎಲ್ಲವೂ ಉರುಳುತ್ತದೆ. ಫಿಲ್ಮ್ ಹೋಲ್ಡರ್ (ಫಿಲ್ಮ್ ಹಾಳೆ ತುಂಬಿಡುವ ಚಪ್ಪಟೆ ಚೌಕಟ್ಟು) ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರ್‌ನಲ್ಲಿಡಿ. ಹೋಲ್ಡರ್‌ನಲ್ಲಿ ಫಿಲ್ಮ್‌ಗೆ ಬೆಳಕು ತಾಗದಂತೆ ಮುಚ್ಚುವ ತೆಳು ಮುಚ್ಚಳವೇ ಡಾರ್ಕ್ ಸ್ಲೈಡ್; ಒದ್ದೆಯಾದ ಅದನ್ನು ಒರೆಸದೆ ವಾಪಸ್ ತಳ್ಳಿದರೆ ನೀರು ಸೀದಾ ಫಿಲ್ಮ್ ಕಡೆಗೇ ಹೋಗುತ್ತದೆ, ಅಲ್ವಾ?

ಮನೆಗೆ ಬಂದ ಕೂಡಲೇ ಕ್ಯಾಮೆರಾ ಮಡಚಿಡಬೇಡಿ. ಬೆಲ್ಲೋಸ್ ಪೂರ್ತಿ ಎಳೆದು ರಾತ್ರಿಯಿಡೀ ಫ್ಯಾನ್ ಕೆಳಗೆ ಬಿಡಿ. ಹೇರ್ ಡ್ರೈಯರ್ ಬೇಡವೇ ಬೇಡ, ಚರ್ಮದ ಬೆಲ್ಲೋಸ್ ಆದರೆ ಸೆಟೆದುಕೊಳ್ಳುತ್ತದೆ.