ನಕಲಿ ಜಿಎಸ್‌ಟಿ ನೋಟಿಸಿಗೆ ನಮ್ಮ ಕಚೇರಿಯಲ್ಲಿ ನಾನು ಹಾಕಿದ ತಡೆ

2023ರ ಮಳೆಗಾಲದಲ್ಲಿ ನಮ್ಮ ಸಂಸ್ಥೆಯ ಖಾತೆಯಿಂದ ಸುಮಾರು 1.8 ಲಕ್ಷ ರೂಪಾಯಿ ವಂಚಕರ ಪಾಲಾಯಿತು. ಸಂಜೆ ಐದರೊಳಗೆ ದಂಡ ಕಟ್ಟದಿದ್ದರೆ ನೋಂದಣಿ ರದ್ದಾಗುತ್ತದೆ, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ನಿಲ್ಲುತ್ತದೆ ಎಂಬ ಇಮೇಲ್ ಬಂದಾಗ ಸರಕು ತುಂಬಿದ ಎರಡು ಲಾರಿಗಳು ಹೊರಡಲು ಸಿದ್ಧವಾಗಿದ್ದವು. ನೋಟಿಸಿನಲ್ಲಿ ನಮ್ಮ ಜಿಎಸ್‌ಟಿಐಎನ್ (ಜಿಎಸ್‌ಟಿ ನೋಂದಣಿ ಸಂಖ್ಯೆ), ವ್ಯಾಪಾರದ ಹೆಸರು, ವಿಳಾಸ ಎಲ್ಲವೂ ಸರಿಯಾಗಿದ್ದವು. ಇವನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಯಾರು ಬೇಕಾದರೂ ಹುಡುಕಿ ತೆಗೆಯಬಹುದು ಎಂಬುದು ಆ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಅದರ ಲಿಂಕಿನಿಂದ ತೆರೆದ ಲಾಗಿನ್ ಪುಟದಲ್ಲಿ, ಉಳಿಸಿಟ್ಟ ತಾಣದ ವಿಳಾಸಕ್ಕೆ ಮಾತ್ರ ಪಾಸ್‌ವರ್ಡ್ ಕೊಡುವ ಪಾಸ್‌ವರ್ಡ್ ಮ್ಯಾನೇಜರ್ ತಾನಾಗಿ ಅದನ್ನು ತುಂಬಲಿಲ್ಲ. ಅದೇ ದೊಡ್ಡ ಎಚ್ಚರಿಕೆಯಾಗಿತ್ತು, ಆದರೆ ನನ್ನ ಸಹಾಯಕ ಸಾಫ್ಟ್‌ವೇರ್ ಕೆಟ್ಟಿದೆಯೆಂದು ತಿಳಿದು ಪಾಸ್‌ವರ್ಡನ್ನು ಕಾಪಿ ಮಾಡಿ ಅಂಟಿಸಿದ. ಮರುದಿನ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಿದಾಗ ‘ಗವ್’ ಮತ್ತು ‘ಇನ್’ ನಡುವೆ ಚುಕ್ಕಿ ಇರಬೇಕಾದಲ್ಲಿ ಅಡ್ಡಗೆರೆ ಇತ್ತು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದು ಆ ಬೆಳಿಗ್ಗೆಯೇ, ಅಂದರೆ ಹದಿನೈದು ಗಂಟೆ ತಡವಾಗಿ. ತಡೆಹಿಡಿಯಲು ಸಿಕ್ಕಿದ್ದು ನಲವತ್ತು ಸಾವಿರದಷ್ಟು ಮಾತ್ರ, ಅದು ಕೈಗೆ ಬರಲು ತಿಂಗಳುಗಟ್ಟಲೆ ಅಲೆಯಬೇಕಾಯಿತು.

ಮೊದಲು ಮಾಡಿದ ಖರ್ಚುಗಳೆಲ್ಲ ವ್ಯರ್ಥವಾದವು. ಆಂಟಿವೈರಸ್‌ಗೆ ಮೂವತ್ತು ಸಾವಿರ, ಒಂದು ದಿನದ ತರಬೇತಿಗೆ ಹನ್ನೆರಡು ಸಾವಿರ ಸುರಿದೆವು. ಎರಡು ತಿಂಗಳ ಬಳಿಕ ಪರೀಕ್ಷೆಗೆಂದು ನಾನೇ ಒಂದು ನಕಲಿ ನೋಟಿಸ್ ತಯಾರಿಸಿ ಕಚೇರಿಯ ಒಂಬತ್ತು ಜನರಿಗೆ ಕಳುಹಿಸಿದೆ. ನಾಲ್ವರು ಲಿಂಕ್ ಒತ್ತಿದರು, ಅವರಲ್ಲಿ ಇಬ್ಬರು ತರಬೇತಿಯ ದಿನ ಮುಂದಿನ ಸಾಲಿನಲ್ಲೇ ಕುಳಿತಿದ್ದವರು. ಜನರ ಎಚ್ಚರವನ್ನೇ ನಂಬಿ ಕೂರಲಾಗದು ಎಂದು ನನಗೆ ಖಚಿತವಾದದ್ದು ಆಗ.

ಆಮೇಲೆ ಒಂದೇ ನಿಯಮ ಮಾಡಿದೆ: ಇಮೇಲ್, ವಾಟ್ಸಾಪ್, ಅಂಚೆ, ಯಾವ ದಾರಿಯಲ್ಲಿ ಬಂದರೂ ಪೋರ್ಟಲಿನಲ್ಲಿ ಅಥವಾ ಇಲಾಖೆಯ ಪರಿಶೀಲನಾ ಪುಟದಲ್ಲಿ ನಮ್ಮ ಕಣ್ಣಿಗೆ ಬೀಳುವವರೆಗೆ ಅದು ನೋಟಿಸೇ ಅಲ್ಲ. ಯಜಮಾನರು ಇದನ್ನು ಅತಿಯೆಂದರು. ಆಡಿಟರ್ ಸಾಹೇಬರು ಒಂದು ತಿಂಗಳೂ ನಡೆಯದೆಂದರು. ತೆರಿಗೆ ಕೆಲಸಕ್ಕೆಂದೇ ಒಂದು ಹಳೆಯ ಕಂಪ್ಯೂಟರ್ ಮೀಸಲಿಟ್ಟು, ಸರ್ಕಾರದ ‘ಗವ್ ಡಾಟ್ ಇನ್’ ತಾಣಗಳು ಮತ್ತು ನಮ್ಮ ಬ್ಯಾಂಕಿನ ತಾಣ ಬಿಟ್ಟು ಬೇರೆ ಯಾವುದೂ ಅದರಲ್ಲಿ ತೆರೆಯದಂತೆ ಕಟ್ಟಿಹಾಕಿದೆ. ಮೊದಲ ಎರಡು ವಾರ ನಿಜಕ್ಕೂ ಕಷ್ಟವಾಯಿತು. ಬ್ಯಾಂಕಿನ ಒಟಿಪಿ ಪುಟ ಬೇರೆ ವಿಳಾಸದಿಂದ ಬರುತ್ತಿದ್ದುದರಿಂದ ಪಾವತಿಯೇ ಆಗುತ್ತಿರಲಿಲ್ಲ. ಡಿಜಿಟಲ್ ಸಹಿ ಹಾಕುವ ಎಮ್‌ಸೈನರ್ ಎಂಬ ಸಾಫ್ಟ್‌ವೇರ್ ಅದೇ ಕಂಪ್ಯೂಟರಿನೊಳಗಿನ ವಿಳಾಸವನ್ನು ಬಳಸುತ್ತದೆ ಎಂಬುದನ್ನು ಮರೆತು ಅದನ್ನೂ ಮುಚ್ಚಿದ್ದೆ, ಹೀಗಾಗಿ 20ನೇ ತಾರೀಕಿನೊಳಗೆ ಸಲ್ಲಿಸಬೇಕಾದ 3ಬಿ ಎಂಬ ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾಗಿ ವಿಳಂಬ ಶುಲ್ಕ ಕಟ್ಟಬೇಕಾಯಿತು.

ಹಣ ಉಳಿಸಿದ್ದು ಮಾತ್ರ ಪಾವತಿಯ ಕ್ರಮ. ತೆರಿಗೆಗೆ ಪ್ರತ್ಯೇಕ ಚಾಲ್ತಿ ಖಾತೆ ತೆರೆದು, ಕಟ್ಟಬೇಕಾದಷ್ಟೇ ಮೊತ್ತವನ್ನು ಅದೇ ದಿನ ಅದಕ್ಕೆ ವರ್ಗಾಯಿಸುತ್ತೇವೆ. ಒಬ್ಬರು ಚಲನ್ ಮಾಡಿ 14 ಅಂಕಿಯ ಚಲನ್ ಸಂಖ್ಯೆಯಾದ ಸಿಪಿಐಎನ್ ಅನ್ನು ವೋಚರಿನ ಮೇಲೆ ಬರೆಯುತ್ತಾರೆ. ಇನ್ನೊಬ್ಬರು ತಾವೇ ಪೋರ್ಟಲಿಗೆ ಹೋಗಿ, ಚಲನ್ ಪಟ್ಟಿಯಲ್ಲಿ ಅದೇ ಸಂಖ್ಯೆ ಕಂಡ ಮೇಲೆಯೇ ಬ್ಯಾಂಕಿನಲ್ಲಿ ಒಪ್ಪಿಗೆ ಕೊಡುತ್ತಾರೆ. ಪೋರ್ಟಲಿಗೆ ಕೊಟ್ಟಿರುವ ಇಮೇಲ್ ವಿಳಾಸವನ್ನು ಬೇರೆ ಎಲ್ಲಿಯೂ ಬಳಸುವುದಿಲ್ಲವಾದ್ದರಿಂದ ಬಿಲ್ಲಿನ ಮೇಲಿರುವ ವಿಳಾಸಕ್ಕೆ ನೋಟಿಸ್ ಬಂದರೆ ಅಲ್ಲಿಯೇ ಅನುಮಾನ ಶುರು. ಆ ವಿಳಾಸವನ್ನು ಹೇಗೆ ರೂಪಿಸಿದೆ ಎಂಬುದನ್ನು ಮತ್ತು ಅಧಿಕಾರಿಯೆಂದು ಫೋನ್ ಮಾಡುವವರಿಗೆ ನಮ್ಮವರು ಕೇಳುವ ಪ್ರಶ್ನೆಯನ್ನು ನಾನಿಲ್ಲಿ ಬರೆಯುವುದಿಲ್ಲ.

ಕೇಂದ್ರ ತೆರಿಗೆ ಅಧಿಕಾರಿಗಳ ಪತ್ರಗಳಿಗೆ 2019ರ ನವೆಂಬರ್ 8ರಿಂದ ಡಿಐಎನ್ (ಪ್ರತಿ ಪತ್ರಕ್ಕೂ ಕೊಡುವ ಗುರುತಿನ ಸಂಖ್ಯೆ) ಬಂದಿದೆ. ಆದಾಯ ತೆರಿಗೆಯವರದು ಅದೇ ವರ್ಷದ ಅಕ್ಟೋಬರ್ 1ರಿಂದ. ಎರಡನ್ನೂ ಆಯಾ ಇಲಾಖೆಯ ತಾಣದಲ್ಲಿ ಪರಿಶೀಲಿಸಬಹುದು, ಆದರೆ ನೋಟಿಸಿನಲ್ಲೇ ಕೊಟ್ಟಿರುವ ಲಿಂಕಿನಿಂದ ಅಲ್ಲಿಗೆ ಹೋಗಲೇಬಾರದು. ಡಿಐಎನ್ ಇಲ್ಲವೆಂದ ಮಾತ್ರಕ್ಕೆ ನಕಲಿಯೆಂದು ಬದಿಗಿಡುವುದೂ ತಪ್ಪು, ಏಕೆಂದರೆ ಪೋರ್ಟಲಿನ ಮೂಲಕ ಹೊರಡುವವಕ್ಕೆ ಆರ್‌ಎಫ್‌ಎನ್ ಎಂಬ ಉಲ್ಲೇಖ ಸಂಖ್ಯೆ ಇರುತ್ತದೆ. ಅತಿ ಅನುಮಾನದಿಂದ ನಾವು ಒಮ್ಮೆ ಪೆಟ್ಟು ತಿನ್ನುವುದರಲ್ಲಿದ್ದೆವು: ರಿಟರ್ನಿನ ವ್ಯತ್ಯಾಸಗಳಿಗೆ ವಿವರಣೆ ಕೇಳುವ ಎಎಸ್‌ಎಂಟಿ-10 ಎಂಬ ನಿಜವಾದ ನೋಟಿಸ್ ಪೋರ್ಟಲಿನ ಹೆಚ್ಚುವರಿ ನೋಟಿಸುಗಳ ಭಾಗದಲ್ಲಿ ಬಿದ್ದಿತ್ತು, ನಾವು ಇನ್ನೊಂದು ಭಾಗವನ್ನಷ್ಟೇ ನೋಡಿ ಸುಮ್ಮನಿದ್ದೆವು. ಉತ್ತರಕ್ಕಿದ್ದ ಮೂವತ್ತು ದಿನಗಳಲ್ಲಿ ನಾಲ್ಕೈದು ದಿನ ಉಳಿದಿದ್ದಾಗ ಅದು ಕಣ್ಣಿಗೆ ಬಿತ್ತು. ಈಗ ಪ್ರತಿ ಸೋಮವಾರ ಎರಡೂ ಕಡೆ ನೋಡಿ ದಿನಾಂಕ ಹಾಕಿ ಸಹಿ ಮಾಡುತ್ತೇವೆ.

ಕಳೆದ ಮಾರ್ಚಿನಲ್ಲಿ, ವರ್ಷಾಂತ್ಯದ ಒತ್ತಡದ ನಡುವೆ, ಮೊದಲಿನದಕ್ಕಿಂತ ಅಚ್ಚುಕಟ್ಟಾದ ನೋಟಿಸೊಂದು ಆರು ಲಕ್ಷ ಕೇಳಿಕೊಂಡು ಬಂತು. ಅಂದು ಪಾಸ್‌ವರ್ಡ್ ಅಂಟಿಸಿದ ಅದೇ ಹುಡುಗ ಹತ್ತು ನಿಮಿಷದೊಳಗೆ ಹಳೆಯ ಕಂಪ್ಯೂಟರಿನಿಂದ ಎದ್ದು ಬಂದು, “ಪೋರ್ಟಲ್‌ನಲ್ಲಿ ಇಲ್ಲ ಸರ್, ಆರ್‌ಎಫ್‌ಎನ್ ಕೂಡ ಸಿಗ್ತಾ ಇಲ್ಲ” ಎಂದ. ತಿಂಗಳೂ ನಡೆಯದೆಂದಿದ್ದ ಆಡಿಟರ್ ಸಾಹೇಬರು ಈಗ ತಮ್ಮ ಮೂವರು ಕಕ್ಷಿದಾರರ ಕಚೇರಿಗಳಲ್ಲಿ ಇದೇ ವ್ಯವಸ್ಥೆಯನ್ನು ನನ್ನಿಂದ ಮಾಡಿಸಿದ್ದಾರೆ.