ಪುಳಿಚಾರಿನವನ ಸಿಂಗಪುರ

ಸಿಂಗಪುರದಲ್ಲಿ ನಾನು ಮೊದಲು ಬೇಸ್ತು ಬಿದ್ದದ್ದು ಕ್ಯಾರೆಟ್ ಕೇಕಿನ ಎದುರು. ಆಫೀಸಿನ ಹತ್ತಿರ, ಸಾಲು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ, ಕೊಕ್ಕೆಗೆ ತೂಗುಹಾಕಿದ ಬಾತುಕೋಳಿಗಳ ಪಕ್ಕದಲ್ಲೇ ಆ ಬೋರ್ಡ್ ಕಂಡಿತು. ಸದ್ಯ, ನನ್ನಂಥ ಪುಳಿಚಾರಿನವನಿಗೂ ಇಲ್ಲೊಂದು ಗತಿಯಿದೆ ಅಂದುಕೊಂಡು ಕ್ಯೂ ನಿಂತೆ. ಸರದಿ ಬರುವ ಹೊತ್ತಿಗೆ ಅಂಗಡಿಯಾತ ಅಗಲ ಬಾಣಲೆಯಲ್ಲಿ ಏನೋ ಬಿಳಿ ತುಂಡುಗಳನ್ನು ಸಟ್ಟುಗದಿಂದ ಕುಟ್ಟಿ, ಎರಡು ಮೊಟ್ಟೆ ಒಡೆದು ಸುರಿದು, “ಬ್ಲ್ಯಾಕಾ, ವೈಟಾ?” ಅಂತ ಕೇಳಿದ. ಅಲ್ಲಿ ಕ್ಯಾರೆಟ್ಟೂ ಇರಲಿಲ್ಲ, ಕೇಕೂ ಇರಲಿಲ್ಲ. ಅಕ್ಕಿಹಿಟ್ಟಿಗೆ ಮೂಲಂಗಿ ತುರಿ ಸೇರಿಸಿ ಹಬೆಯಲ್ಲಿ ಬೇಯಿಸಿ, ಆ ಗಟ್ಟಿಯನ್ನು ಕತ್ತರಿಸಿ ಮೊಟ್ಟೆ ಜೊತೆ ಹುರಿಯುವ ತಿಂಡಿ ಅದು. ಕಪ್ಪು ಸಿಹಿ ಸೋಯಾ ಸಾಸ್ ಬಿದ್ದರೆ ಬ್ಲ್ಯಾಕ್, ಬೀಳದಿದ್ದರೆ ವೈಟ್.

ನನ್ನ ಪೆಚ್ಚುಮೋರೆ ನೋಡಿದ ಚೀನಿ ಸಹೋದ್ಯೋಗಿ ನಗುತ್ತಾ ವಿವರಿಸಿದಳು. ತಿಯೋಚ್ಯೂ ಎಂಬ ಚೀನಿ ಮಾತಿನಲ್ಲಿ ಮೂಲಂಗಿಗೆ ‘ಚಾಯ್ ತೌ’ ಅನ್ನುತ್ತಾರೆ, ಕ್ಯಾರೆಟ್ ಅಂದರೆ ಕೆಂಪು ಚಾಯ್ ತೌ, ಅಷ್ಟೇ. ಇಂಗ್ಲಿಷಿಗೆ ಬರುವಾಗ ಮೂಲಂಗಿ ಕ್ಯಾರೆಟ್ ಆಗಿಬಿಟ್ಟಿದೆ. ಮಧ್ಯಾಹ್ನದ ಊಟ ತಪ್ಪಿತು. ಆದರೆ ಆಗಲೇ ಹೊಳೆಯಿತು: ಈ ಊರಲ್ಲಿ ಹೊಟ್ಟೆ ತುಂಬಬೇಕಾದರೆ ಪ್ರತಿ ಅಂಗಡಿಯಲ್ಲೂ “ಇದರಲ್ಲಿ ಏನೇನಿದೆ?” ಅಂತ ಕೇಳಲೇಬೇಕು. ಹಾಗೆ ಕೇಳುತ್ತಾ ಎರಡು ವರ್ಷ ಕಳೆದೆ. ಮ್ಯೂಸಿಯಂಗಳಲ್ಲಿ ಸಿಗದ ಸಿಂಗಪುರ ನನಗೆ ಸಿಕ್ಕಿದ್ದು ಆ ಪ್ರಶ್ನೆಯಿಂದ.

ಕೇಳುವುದಕ್ಕೂ ಹೊತ್ತು ಗೊತ್ತು ಬೇಕು. ಹನ್ನೆರಡರಿಂದ ಒಂದೂವರೆಯೊಳಗೆ ಹೋದರೆ ಹಿಂದೆ ನಿಂತವರು ದುರುಗುಟ್ಟುತ್ತಾರೆ, ಅಂಗಡಿಯವರು “ಕ್ಯಾನ್, ಕ್ಯಾನ್” ಅಂತ ಏನೋ ಒಂದು ಕೊಟ್ಟು ಸಾಗಹಾಕುತ್ತಾರೆ. ನಾನು ಶನಿವಾರ ಮೂರು ಗಂಟೆಯ ಹೊತ್ತಿಗೆ ಹೋಗುತ್ತಿದ್ದೆ. ಕೆಲವು ಅಂಗಡಿ ಅಷ್ಟರಲ್ಲಿ ಖಾಲಿಯಾಗಿರುತ್ತಿದ್ದವು ನಿಜ, ತೆರೆದಿದ್ದವರು ಮಾತ್ರ ಮಾತಿಗೆ ಸಿಗುತ್ತಿದ್ದರು. ಗಂಡಸರಾದರೆ ‘ಅಂಕಲ್’, ಹೆಂಗಸರಾದರೆ ‘ಆಂಟಿ’ ಅನ್ನಬೇಕು, ಅಲ್ಲಿನ ರೂಢಿ ಅದೇ. ಖಾಲಿ ಟೇಬಲ್ ಮೇಲೆ ಟಿಶ್ಯೂ ಪೇಪರಿನ ಪೊಟ್ಟಣ ಬಿದ್ದಿದ್ದರೆ ಯಾರೋ ಮರೆತು ಹೋಗಿದ್ದಾರೆ ಅಂತ ತೆಗೆದಿಡಬೇಡಿ, ಅದು ನಮ್ಮ ಬಸ್ ಸೀಟಿನ ಟವೆಲ್ಲಿದ್ದ ಹಾಗೆ.

ಒಂದೇ ಸೂರಿನಡಿ ಇಷ್ಟೊಂದು ಜನಾಂಗದ ಒಲೆಗಳು ಅಕ್ಕಪಕ್ಕ ಉರಿಯುವುದು ತಾನಾಗಿ ಆದದ್ದಲ್ಲ. ಮೊದಲು ಇವರೆಲ್ಲ ಬೀದಿಬದಿ ಗಾಡಿಯವರು. 1971ರಿಂದ 1986ರ ನಡುವೆ ಸರ್ಕಾರ ಹಾಕರ್ ಸೆಂಟರುಗಳನ್ನು ಕಟ್ಟಿಸಿ, ನಲ್ಲಿ, ಚರಂಡಿ, ಕರೆಂಟು ಕೊಟ್ಟು ಅವರನ್ನು ಒಳಗೆ ಸೇರಿಸಿತು. ಹಾಗಾಗಿ ಹೊಕ್ಕಿಯೆನ್ ಚೀನಿ ನೂಡಲ್ಸಿನವನ ಪಕ್ಕ ಮಲಯ್ ಅನ್ನ, ಅದರಾಚೆ ತಮಿಳು ಮುಸ್ಲಿಮರ ಪ್ರಾಟಾ, ಅಂದರೆ ನಮ್ಮ ಪರೋಟ. 2020ರಲ್ಲಿ ಯುನೆಸ್ಕೊ ಪಟ್ಟಿಗೂ ಈ ಹಾಕರ್ ಸಂಸ್ಕೃತಿ ಸೇರಿತು. ತಿಂದಾದ ಮೇಲೆ ತಟ್ಟೆ ವಾಪಸ್ ಇಡುವ ಜಾಗದಲ್ಲಿ ಹಲಾಲ್ ತಟ್ಟೆಗೇ ಬೇರೆ ಕಪಾಟು. ಅದನ್ನು ನೋಡಿದಾಗ, ಮಡಿ ಮೈಲಿಗೆ ಕಂಡು ಬೆಳೆದ ನನಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಊರಿನ ಭಾಷೆ ಕಲಿತದ್ದು ಕಾಫಿ ಕಟ್ಟೆಯಲ್ಲಿ. ಅಲ್ಲಿನ ‘ಕೊಪಿ’ಯ ಬೀಜವನ್ನು ಸಕ್ಕರೆ, ಮಾರ್ಗರೀನ್ ಹಾಕಿ ಕಪ್ಪಗೆ ಹುರಿದಿರುತ್ತಾರೆ. ಉದ್ದ ಕಾಲುಚೀಲದಂಥ ಬಟ್ಟೆಯ ಸೋಸುಚೀಲಕ್ಕೆ ಪುಡಿ ಹಾಕಿ, ಉದ್ದ ಮೂತಿಯ ತಗಡಿನ ಕೆಟಲಿಗೆ ಅದನ್ನು ಇಳಿಬಿಟ್ಟು, ಕುದಿಯುವ ನೀರು ಸುರಿದು, ಒಂದು ಕೆಟಲಿನಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತಾರೆ. ಸುಮ್ಮನೆ ‘ಕೊಪಿ’ ಅಂದರೆ ಕಪ್ಪಿನ ತಳದಲ್ಲಿ ಒಂದು ಬೆರಳು ಕಂಡೆನ್ಸ್ಡ್ ಮಿಲ್ಕ್ ಬಂದು ಕೂರುತ್ತದೆ, ನಮ್ಮ ಮದುವೆಮನೆಯ ಪಾಯಸಕ್ಕಿಂತ ಸಿಹಿ. ‘ಕೊಪಿ ಓ’ ಅಂದರೆ ಹಾಲಿಲ್ಲ, ಸಕ್ಕರೆ ಇದೆ. ‘ಕೊಪಿ ಸಿ’ಗೆ ಸಿಹಿಯಿಲ್ಲದ ಡಬ್ಬಿ ಹಾಲು, ಸಕ್ಕರೆ ಬೇರೆ. ‘ಗಾವ್’ ಅಂದರೆ ಸ್ಟ್ರಾಂಗ್, ‘ಪೆಂಗ್’ ಅಂದರೆ ಐಸ್. ಸಕ್ಕರೆ ಬೇಡವಾದರೆ ‘ಕೊಸೊಂಗ್’. ನಾನು ಹೇಳುತ್ತಿದ್ದುದು ‘ಕೊಪಿ ಸಿ ಕೊಸೊಂಗ್ ಗಾವ್’. ಕೊಸೊಂಗ್ ಮಲಯ್ ಪದ, ಖಾಲಿ ಅಂತ ಅರ್ಥ, ಗಾವ್ ಹೊಕ್ಕಿಯೆನ್. ಒಂದು ಲೋಟ ಕಾಫಿ ಕೇಳುವುದಕ್ಕೆ ಎರಡು ಜನಾಂಗದ ಬಾಯಿ ಬೇಕು. ಪ್ರಾಟಾ ಅಂಗಡಿಯ ತಮಿಳರೂ ‘ಕೊಸೊಂಗ್’ ಅಂತಲೇ ಕೇಳುತ್ತಾರೆ: ಮೊಟ್ಟೆ, ಈರುಳ್ಳಿ ಏನೂ ಇಲ್ಲದ್ದು, ಖಾಲಿ ಪ್ರಾಟಾ. ಜೊತೆಗೆ ಮೀನಿನ ಸಾರು ಸುರಿಯುವ ಮೊದಲೇ “ದಾಲ್, ದಾಲ್” ಅಂತ ಕೂಗಿಬಿಡಬೇಕು.

ಲಿಟಲ್ ಇಂಡಿಯಾ ಬಗ್ಗೆ ಹೆಚ್ಚು ಹೇಳಲಾರೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲ ವಿಲಾಸದಂಥ ಕಡೆ ದೋಸೆ ತಿಂದು ಬರುವುದು ಸುಲಭ. ಸುಲಭವಾದ್ದರಿಂದಲೇ ತಿಂಗಳಿಗೆ ಒಂದೇ ಸಲ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ರೇಸ್ ಕೋರ್ಸ್ ರಸ್ತೆಯಲ್ಲಿ ಗೆಳೆಯರು ಮೀನಿನ ತಲೆಯ ಸಾರು ತಿನ್ನುವಾಗ ನಾನು ಎಲೆಯ ಮೇಲಿನ ಅನ್ನ ಪಲ್ಯ ಉಣ್ಣುತ್ತಾ ಕೂತಿದ್ದೆ. ಆ ಸಾರನ್ನು 1949ರಲ್ಲಿ ಗೋಮೆಜ್ ಎಂಬ ಮಲಯಾಳಿ ಅಡುಗೆಯವರು ಶುರು ಮಾಡಿದರಂತೆ. ಮೀನಿನ ತಲೆ ಚೀನಿಯರಿಗೆ ಇಷ್ಟ, ಮಸಾಲೆ ಕೇರಳದ್ದು. ನನ್ನ ಮಟ್ಟಿಗೆ ಅದು ಕೇಳಿ ತಿಳಿಯುವ ಅಡುಗೆ.

ನನ್ನ ದೊಡ್ಡ ಶತ್ರು ಮಾಂಸವಲ್ಲ, ಸೀಗಡಿ. ಮಾಂಸವಾದರೆ ಕಣ್ಣಿಗೆ ಕಾಣುತ್ತದೆ. ಸೀಗಡಿ ಕೊಳೆಹಾಕಿ ಮಾಡಿದ ‘ಬೆಲಚಾನ್’ ಮಾತ್ರ ಸಂಬಾಲ್ ಚಟ್ನಿಯೊಳಗೆ, ಸೊಪ್ಪಿನ ಪಲ್ಯದೊಳಗೆ ಕರಗಿ ಕೂತಿರುತ್ತದೆ. “ನೋ ಮೀಟ್” ಅಂದರೆ ಪ್ರಯೋಜನವಿಲ್ಲ, ಸೀಗಡಿ, ಒಣಮೀನು, ಬೆಲಚಾನ್ ಅಂತ ಹೆಸರು ಹಿಡಿದೇ ಕೇಳಬೇಕು. ಇದನ್ನು ಕಲಿಯುವ ಮೊದಲು ಎಷ್ಟು ಸಲ ಕೆಟ್ಟೆನೋ, ಲೆಕ್ಕ ಹಾಕಲು ಹೋಗಿಲ್ಲ.

ಮಲಯ್ ಮಂದಿಯ ಗೇಲಾಂಗ್ ಸೆರಾಯ್ ಕಡೆ ಹೆದರದೆ ತಿಂದದ್ದು ‘ಪುತು ಪಿರಿಂಗ್’. ಅಂಗೈಯೊಳಗೆ ಹಿಡಿಸುವ ತಗಡಿನ ಅಚ್ಚಿಗೆ ಅಕ್ಕಿಹಿಟ್ಟು ಉದುರಿಸಿ, ನಡುವೆ ತಾಳೆಬೆಲ್ಲ ಇಟ್ಟು, ಮತ್ತೆ ಹಿಟ್ಟು ಮುಚ್ಚಿ, ಬಟ್ಟೆ ಹೊದಿಸಿ ಹಬೆಗೆ ಕೂರಿಸುತ್ತಾರೆ. ಕೆಲವೇ ನಿಮಿಷ. ಮೇಲೆ ಉಪ್ಪು ಬೆರೆಸಿದ ಕಾಯಿತುರಿ, ಕೆಳಗೆ ಪರಿಮಳದ ಪಂದನ್ ಎಲೆ. ನಾನು ಆತುರಕ್ಕೆ ಕಚ್ಚಿ, ಕರಗಿದ ಬೆಲ್ಲ ಗದ್ದಕ್ಕಿಳಿದು ಸುಟ್ಟುಕೊಂಡೆ. ಪುಟ್ಟು, ಪುತು: ಹೆಸರಿನ ನೆಂಟಸ್ತನವನ್ನು ಆಂಟಿಗೆ ಹೇಳಿದರೆ ಆಕೆಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ, ಟಿಶ್ಯೂ ಕೊಟ್ಟರು.

ಚಹವನ್ನು ತಿನ್ನಬಹುದು ಅಂತ ಗೊತ್ತಾದದ್ದೂ ಇಲ್ಲೇ, ಅದೂ ಎರಡು ಸಲ. ಹಕ್ಕಾ ಚೀನಿಯರ ‘ಥಂಡರ್ ಟೀ ರೈಸ್’ನಲ್ಲಿ ಅನ್ನದ ಮೇಲೆ ಸಣ್ಣಗೆ ಹೆಚ್ಚಿದ ಸೊಪ್ಪು, ಕಡಲೆಕಾಯಿ, ತೋಫು. ಪಕ್ಕದ ಬಟ್ಟಲಲ್ಲಿ ಚಹದೆಲೆ, ಪುದೀನ, ಎಳ್ಳು ಅರೆದ ಹಸಿರು ಸಾರು. ಕಲಸಿ ತಿಂದರೆ ಮೊದಲ ತುತ್ತು ಕಷಾಯದ ಹಾಗೆ; ಐದನೆಯ ತುತ್ತಿಗೆ ಬಿಡಲಾಗುವುದಿಲ್ಲ. ಒಣ ಬೂತಾಯಿಯಂಥ ಸಣ್ಣ ಮೀನು ಬೇಡ ಅಂತ ಮೊದಲೇ ಹೇಳಬೇಕು. ಇನ್ನೊಂದು ಸಲ, ಭಾನುವಾರ, ಪೆನಿನ್ಸುಲಾ ಪ್ಲಾಜಾದಲ್ಲಿ. ರಜೆ ಸಿಕ್ಕ ಮ್ಯಾನ್ಮಾರಿನ ಕೆಲಸಗಾರರು ಊರಿಗೆ ದುಡ್ಡು ಕಳಿಸಲು, ಸಿಮ್ ಕೊಳ್ಳಲು ಬಂದು ತುಂಬಿಕೊಂಡಿರುತ್ತಾರೆ. ಹುದುಗಿಸಿದ ಚಹದೆಲೆಗೆ ಕರಿದ ಕಾಳು, ಎಲೆಕೋಸು ಹಾಕಿದ ಕೋಸಂಬರಿಯನ್ನು ಅಲ್ಲಿ ತಿಂದೆ.

ಮನಸ್ಸಿಗೆ ಹತ್ತಿರವಾದದ್ದು ವಾಟರ್ಲೂ ಬೀದಿ. 1884ರ ಕ್ವಾನ್ ಇಮ್ ದೇವಿಯ ಗುಡಿಗೆ ಅಂಟಿದಂತೆ 1870ರ ಶ್ರೀಕೃಷ್ಣ ದೇವಸ್ಥಾನ. ದೇವಿಗೆ ಕೈಮುಗಿದ ಚೀನಿಯರು ಹಾಗೇ ನಾಲ್ಕು ಹೆಜ್ಜೆ ನಡೆದು ಕೃಷ್ಣನಿಗೂ ಊದುಬತ್ತಿ ಹಚ್ಚುತ್ತಾರೆ. ಹತ್ತಿರದ ಫಾರ್ಚೂನ್ ಸೆಂಟರಿನಲ್ಲಿ ಸಸ್ಯಾಹಾರದ ಅಂಗಡಿಗಳು ಸಾಲಾಗಿವೆ. ಮೇಲೆ ಮೂರು ಅಡ್ಡಗೆರೆ, ನಡುವೆ ಒಂದು ಉದ್ದಗೆರೆ, ಕೆಳಗೆ ಗಂಟು ಬಿದ್ದ ದಾರದಂಥದ್ದು: ‘ಸು’ ಎಂಬ ಆ ಚೀನಿ ಅಕ್ಷರ ಕಂಡಲ್ಲಿ ನಾನು ಪ್ರಶ್ನೆ ಕೇಳದೆ ಕೂರಬಹುದಿತ್ತು. ಚೀನಿ ತಿಂಗಳ ಒಂದನೆಯ ದಿನ, ಹದಿನೈದನೆಯ ದಿನ ಮಾತ್ರ ಜಾಗ ಸಿಗುವುದಿಲ್ಲ. ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು. ಬೌದ್ಧರಲ್ಲಿ ಅನೇಕರು ಅವತ್ತು ಮಾಂಸ ಮುಟ್ಟುವುದಿಲ್ಲ.

ಅಂಥದೊಂದು ದಿನ ಶ್ಯಾವಿಗೆ ಬಡಿಸುತ್ತಿದ್ದ ಆಂಟಿ, ನಾನೂ ಬರೀ ಹದಿನೈದನೆಯ ದಿನದ ಗಿರಾಕಿಯೇ ಅಂತ ಕೇಳಿದರು. ಇಲ್ಲ, ಹುಟ್ಟಿದಾಗಿನಿಂದ ದಿನಾ ಸಸ್ಯಾಹಾರಿ ಅಂತ ಸ್ವಲ್ಪ ಜಂಬದಿಂದಲೇ ಹೇಳಿದೆ. ಆಕೆ ಸೌಟು ತಡೆದು ನಿಂತರು.

“ಈರುಳ್ಳಿ, ಬೆಳ್ಳುಳ್ಳಿ?”

“ತಿಂತೀನಿ.”

“ಹಾಗಾದರೆ ಎಂಥ ಸಸ್ಯಾಹಾರಿ ನೀನು,” ಅಂದು, ಹಿಂದಿದ್ದವರ ತಟ್ಟೆಗೆ ಕೈಚಾಚಿದರು.