ಪೈಲಟ್ ಆಗಲು ದುಡ್ಡು ಹಾಕುವವರು ಯಾವುದರ ನಂತರ ಯಾವುದಕ್ಕೆ ಹಾಕಬೇಕು

ವರ್ಷಗಟ್ಟಲೆ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಆಗಿದ್ದವಳು ನಾನು, ಈಗ ಏರ್‌ಲೈನ್ ಒಂದರಲ್ಲಿ ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕ ಕೂರುವ ಸಹ-ಪೈಲಟ್. ಕಲಿಯಲು ಬರುವವರೂ ಅವರ ಹೆತ್ತವರೂ ಮೊದಲು ಕೇಳುವುದು ‘ಒಟ್ಟು ಎಷ್ಟಾಗುತ್ತೆ?’ ಎಂದು. ಸ್ಕೂಲಿನವರು ಒಂದು ಮೊತ್ತ ಹೇಳುತ್ತಾರೆ. ಅಷ್ಟಕ್ಕೇ ಸಾಲ ಎತ್ತಿ ಸೇರಿದ ಒಳ್ಳೊಳ್ಳೆಯ ಹುಡುಗರು ಅರ್ಧಕ್ಕೇ ನಿಂತುಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಮೊತ್ತಕ್ಕಿಂತ ಮೊದಲು, ಯಾವ ಕ್ರಮದಲ್ಲಿ ದುಡ್ಡು ಬಿಚ್ಚಬೇಕು ಎಂಬುದನ್ನು ಹೇಳುತ್ತೇನೆ.

ಮೊದಲ ಖರ್ಚು ಕ್ಲಾಸ್ 1 ಮೆಡಿಕಲ್, ಅಂದರೆ ಕಮರ್ಷಿಯಲ್ ಪೈಲಟ್ ಆಗುವವರಿಗೆ ಬೇಕಾದ ವೈದ್ಯಕೀಯ ಪರೀಕ್ಷೆ. ಸ್ಕೂಲಿಗೆ ಅಡ್ವಾನ್ಸ್ ಕೊಡುವ ಮುಂಚೆ ಇದು ಮುಗಿದಿರಬೇಕು. ಕನ್ನಡಕ ಹಾಕುತ್ತೀರಿ ಎಂದು ಹೆದರಬೇಡಿ, ಸಾಮಾನ್ಯವಾಗಿ ಅದು ಅಡ್ಡಿಯಾಗುವುದಿಲ್ಲ. ಬಣ್ಣ ಗುರುತಿಸುವುದರಲ್ಲಿ ತೊಂದರೆಯಿದ್ದರೆ ಮಾತ್ರ ಕಷ್ಟ. ಎಷ್ಟೋ ಜನರಿಗೆ ತಮಗೆ ಆ ತೊಂದರೆಯಿದೆ ಎಂದು ಗೊತ್ತಾಗುವುದೇ ಇಶಿಹಾರ ಪುಸ್ತಕದ ಬಣ್ಣದ ಚುಕ್ಕಿಗಳ ನಡುವೆ ಅಂಕಿ ಕಾಣದೇ ಹೋದಾಗ. ಆ ಸುದ್ದಿ ಅಡ್ವಾನ್ಸ್ ಕಟ್ಟುವ ಮೊದಲೇ ತಿಳಿಯುವುದಕ್ಕೂ ಅರ್ಧ ಸಾಲ ಖರ್ಚಾದ ಮೇಲೆ ತಿಳಿಯುವುದಕ್ಕೂ ಎಷ್ಟು ಅಂತರ ನೋಡಿ. ಮೆಡಿಕಲ್ ಒಮ್ಮೆ ಪಾಸಾದರೆ ಮುಗಿಯಲಿಲ್ಲ, ಸಾಮಾನ್ಯವಾಗಿ ವರ್ಷ ವರ್ಷವೂ ಮಾಡಿಸಬೇಕು. ಸಾಲದಲ್ಲಿ ಕಲಿಯುವವರು ಅನಾರೋಗ್ಯದಿಂದ ಲೈಸೆನ್ಸ್ ಹೋದರೆ ಪರಿಹಾರ ಕೊಡುವ ವಿಮೆಯ ಬಗ್ಗೆಯೂ ವಿಚಾರಿಸಿಡಿ.

ಇನ್ನು ಹಾರಾಟದ ಗಂಟೆಗಳು. ಸಂಬಳಕ್ಕಲ್ಲದೆ ಸ್ವಂತಕ್ಕೆ ಹಾರಿಸುವ ಪ್ರೈವೇಟ್ ಲೈಸೆನ್ಸ್‌ಗೆ ಅಮೆರಿಕದ ನಿಯಮದಲ್ಲಿ ಸಾಮಾನ್ಯವಾಗಿ ಕನಿಷ್ಠ 40 ಗಂಟೆ, ಯುರೋಪಿನಲ್ಲಿ 45. ಸಂಬಳಕ್ಕೆ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸ್‌ಗೆ ಅಂತರರಾಷ್ಟ್ರೀಯ ಮಾನದಂಡ 200 ಗಂಟೆ, ಮಾನ್ಯತೆ ಪಡೆದ ಪೂರ್ಣಾವಧಿ ಕೋರ್ಸಿನಲ್ಲಿ 150. ಸ್ಕೂಲುಗಳು ಹೇಳುವ ಮೊತ್ತ ಬಹುತೇಕ ಈ ಕನಿಷ್ಠದ ಮೇಲೆ ನಿಂತಿರುತ್ತದೆ. ಕನಿಷ್ಠದಲ್ಲೇ ಮುಗಿಸುವವರು ಕಡಿಮೆ.

ಗಂಟೆ ಯಾಕೆ ಏರುತ್ತದೆ ಎಂದು ತಿಳಿಯಬೇಕಾದರೆ ಕಾಕ್‌ಪಿಟ್‌ನ ಹಾಬ್ಸ್ ಮೀಟರ್ ನೋಡಿ, ಗಂಟೆಯ ಲೆಕ್ಕ ಇಡುವುದು ಅದೇ. ಪುಟ್ಟ ಕಿಟಕಿಯಲ್ಲಿ ಅಂಕಿಗಳು ಉರುಳುತ್ತಿರುತ್ತವೆ, ಕೊನೆಯ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಅಂದರೆ 6 ನಿಮಿಷ. ಎಷ್ಟೋ ಟ್ರೈನಿಂಗ್ ವಿಮಾನಗಳಲ್ಲಿ ಎಂಜಿನ್ ಚಾಲೂ ಆದ ಕೂಡಲೇ ಅದು ಓಡಲು ಶುರು. ರನ್‌ವೇ ಪಕ್ಕದಲ್ಲಿ ಬೇರೆ ವಿಮಾನ ಇಳಿಯಲೆಂದು ಕಾಯುತ್ತಿದ್ದರೂ ಓಡುತ್ತದೆ, ಚೆಕ್‌ಲಿಸ್ಟ್‌ನಲ್ಲಿ ಸ್ವಿಚ್ ಎಲ್ಲಿದೆ ಎಂದು ತಡಕಾಡುತ್ತಿದ್ದರೂ ಓಡುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಇದಕ್ಕೇ ಮನೆಯಲ್ಲಿ ಕುರ್ಚಿಯ ಮೇಲೆ ಕೂತು, ಕಾಕ್‌ಪಿಟ್‌ನ ಚಿತ್ರ ಎದುರಿಗಿಟ್ಟುಕೊಂಡು, ಇಡೀ ಹಾರಾಟವನ್ನು ಬಾಯಿಬಿಟ್ಟು ಹೇಳುತ್ತಾ ಅಭ್ಯಾಸ ಮಾಡಿ ಎನ್ನುತ್ತಿದ್ದೆ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಉಳಿಯುವುದು ಬಹಳ. ಇನ್ನೊಂದು: ಎರಡು ಪಾಠಗಳ ನಡುವೆ ಮೂರು ವಾರ ಬಿಟ್ಟು ಬಂದವರಿಗೆ ಲ್ಯಾಂಡಿಂಗ್‌ನ ಕೈ ತಪ್ಪಿರುತ್ತದೆ, ಹಳೆಯದನ್ನು ಮರಳಿ ತರುವುದಕ್ಕೇ ಆ ದಿನದ ದುಡ್ಡು ಹೋಗುತ್ತದೆ. ಕೈಗೆ ಬಂದಷ್ಟು ಬಂದಾಗ ಹಾರೋಣ ಎನ್ನುವುದಕ್ಕಿಂತ, ಒಂದು ಹಂತಕ್ಕೆ ಬೇಕಾದಷ್ಟು ಕೂಡಿಟ್ಟುಕೊಂಡು ವಾರಕ್ಕೆ ಎರಡು ಮೂರು ಸಲ ಹಾರುವುದೇ ಅಗ್ಗ.

ಸ್ಕೂಲಿನಲ್ಲಿ ಎಷ್ಟು ವಿಮಾನಗಳಿವೆ ಎಂದು ಕೇಳಬೇಡಿ, ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟಿವೆ ಎಂದು ಕೇಳಿ. ಎಷ್ಟು ವಿದ್ಯಾರ್ಥಿಗಳಿಗೆ ಎಷ್ಟು ಇನ್‌ಸ್ಟ್ರಕ್ಟರ್‌ಗಳು, ಪರೀಕ್ಷಕರು ಸಿಗಲು ಎಷ್ಟು ದಿನ, ಪರೀಕ್ಷೆ ಫೇಲಾದರೆ ಮರುಹಾರಾಟದ ದುಡ್ಡು ಯಾರದ್ದು, ಇಂಧನವೂ ಲ್ಯಾಂಡಿಂಗ್ ಶುಲ್ಕವೂ ಮೊತ್ತದಲ್ಲಿ ಸೇರಿವೆಯೇ? ಅಲ್ಲೇ ಕಲಿಯುತ್ತಿರುವವರನ್ನು ಹೊರಗೆ ಭೇಟಿಯಾಗಿ ಇದೇ ಪ್ರಶ್ನೆಗಳನ್ನು ಮತ್ತೆ ಕೇಳಿ. ಪೂರ್ತಿ ಫೀಸು ಒಟ್ಟಿಗೇ ಕಟ್ಟಿದರೆ ರಿಯಾಯಿತಿ ಎಂದರೆ ದಯವಿಟ್ಟು ಒಪ್ಪಬೇಡಿ. ಸ್ಕೂಲು ಬಾಗಿಲು ಹಾಕಿದರೆ ಆ ದುಡ್ಡು ವಾಪಸ್ ಬರುವುದು ಬಹಳ ಕಷ್ಟ. ಕಂತಿನಲ್ಲಿ ಕಟ್ಟಿ.

ಲೈಸೆನ್ಸ್ ಕೈಗೆ ಬಂದ ಮೇಲಿನ ಕಾಲವೇ ಎಲ್ಲಕ್ಕಿಂತ ಕಠಿಣ, ಅದರ ಲೆಕ್ಕ ಯಾವ ಸ್ಕೂಲಿನ ಕಾಗದದಲ್ಲೂ ನಾನು ನೋಡಿಲ್ಲ. ಕೆಲವು ದೇಶಗಳಲ್ಲಿ ಏರ್‌ಲೈನುಗಳು 200 ಗಂಟೆಯವರನ್ನೂ ತೆಗೆದುಕೊಳ್ಳುತ್ತವೆ. ಅಮೆರಿಕದಲ್ಲಿ ಹಾಗಿಲ್ಲ. 2009ರಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಮೇಲೆ ಕಾನೂನು ಬಿಗಿಯಾಯಿತು. 2013ರಿಂದ ಅಲ್ಲಿ ಫಸ್ಟ್ ಆಫೀಸರ್‌ಗೂ ಸಾಮಾನ್ಯವಾಗಿ 1,500 ಗಂಟೆ ಬೇಕು, ಸೇನೆಯಿಂದ ಬಂದವರಿಗೂ ಕೆಲವು ಪದವೀಧರರಿಗೂ ಸ್ವಲ್ಪ ಕಡಿಮೆ. ಆ ಗಂಟೆಗಳನ್ನು ಹೆಚ್ಚಿನವರು ತುಂಬಿಸಿಕೊಳ್ಳುವುದು ಇನ್‌ಸ್ಟ್ರಕ್ಟರ್ ಆಗಿ, ಕಡಿಮೆ ಸಂಬಳಕ್ಕೆ. ಇತ್ತ ಸಾಲದ ಕಂತು ನಿಲ್ಲುವುದಿಲ್ಲ, ಮೆಡಿಕಲ್, ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಾಗ ಉಪಕರಣಗಳನ್ನೇ ನೋಡಿ ಹಾರಿಸುವ ಅರ್ಹತೆ) ಎಲ್ಲವನ್ನೂ ಜೀವಂತ ಇಟ್ಟುಕೊಳ್ಳಬೇಕು. ಕೆಲಸವಿಲ್ಲದೆ ಕನಿಷ್ಠ ಒಂದು ವರ್ಷ ಕಳೆಯುವಷ್ಟು ದುಡ್ಡನ್ನು ಮೊದಲ ದಿನವೇ ಬೇರೆ ಎತ್ತಿಡಿ ಎಂದು ನಾನು ಪಟ್ಟು ಹಿಡಿದು ಹೇಳುತ್ತೇನೆ. ಹೊಟ್ಟೆಪಾಡಿಗೆ ಇನ್ನೊಂದು ಕೆಲಸ ಗೊತ್ತಿದ್ದರೆ ಇನ್ನೂ ಒಳ್ಳೆಯದು.

‘ಪೈಲಟ್‌ಗಳ ಕೊರತೆ ಇದೆ’ ಎಂಬ ಜಾಹೀರಾತು ಕಂಡಾಗ ಯಾರ ಕೊರತೆ ಎಂದು ಕೇಳಿ. ಎಷ್ಟೋ ಸಲ ಅದು ಅನುಭವಿ ಕ್ಯಾಪ್ಟನ್‌ಗಳ ಕೊರತೆ, ಹೊಸಬರದ್ದಲ್ಲ. 2001, 2008, 2020, ಪ್ರತಿ ಸಲವೂ ನೇಮಕಾತಿ ಕುಸಿಯಿತು. 2020ರಲ್ಲಿ ನನ್ನ ವಿದ್ಯಾರ್ಥಿಗಳು ಹೊಚ್ಚಹೊಸ ಲೈಸೆನ್ಸ್ ಹಿಡಿದು ಮನೆಯಲ್ಲಿ ಕೂತಿದ್ದರು, ಏರ್‌ಲೈನ್ ಸೇರಿ ಹಲವು ವರ್ಷ ಆಗಿದ್ದವರಿಗೇ ಕೆಲಸ ಹೋಗುತ್ತಿತ್ತು. ಎರಡೇ ವರ್ಷದಲ್ಲಿ ಅಮೆರಿಕದಲ್ಲಿ ಮತ್ತೆ ಪೈಲಟ್‌ಗಳಿಗೆ ಹುಡುಕಾಟ. ನೀವು ಸೇರುವ ದಿನದ ಗಾಳಿ ಲೈಸೆನ್ಸ್ ಕೈಗೆ ಬರುವ ದಿನ ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಹೆತ್ತವರು ವಾಸವಿರುವ ಮನೆಯನ್ನು ಅಡ ಇಡಬೇಡಿ ಎಂದು ನಾನು ಬೇಡಿಕೊಳ್ಳುವುದು ಅದಕ್ಕೇ.

ಕೊನೆಯ ದೊಡ್ಡ ಖರ್ಚು ಟೈಪ್ ರೇಟಿಂಗ್, ಅಂದರೆ ಏರ್‌ಬಸ್ ಎ320, ಬೋಯಿಂಗ್ 737 ಹೀಗೆ ಒಂದು ಮಾದರಿಯ ಜೆಟ್ ಹಾರಿಸುವ ಅರ್ಹತೆ. ಕೆಲಸದ ಪತ್ರ ಕೈಯಲ್ಲಿಲ್ಲದೆ ಸ್ವಂತ ದುಡ್ಡಿನಲ್ಲಿ ಇದನ್ನು ಮಾಡಬೇಡಿ. ಅದಕ್ಕೂ ಅವಧಿಯಿದೆ, ಮೀರಿದರೆ ಮತ್ತೆ ಸಿಮ್ಯುಲೇಟರ್, ಮತ್ತೆ ದುಡ್ಡು. ಕಂಪನಿಯೇ ಖರ್ಚು ಹಾಕಿ ಬಾಂಡ್ ಕೇಳಿದರೆ ಪ್ರತಿ ಸಾಲನ್ನೂ ಓದಿ: ಎಷ್ಟು ವರ್ಷ, ಕೆಲಸ ಮಾಡಿದಂತೆ ಬಾಂಡ್ ಮೊತ್ತ ಇಳಿಯುತ್ತದೆಯೇ, ಅವರೇ ಕೆಲಸದಿಂದ ತೆಗೆದರೆ ಯಾರು ಕಟ್ಟಬೇಕು, ಟ್ರೈನಿಂಗ್ ಅವಧಿಯಲ್ಲಿ ಪೂರ್ತಿ ಸಂಬಳ ಇದೆಯೇ. ಬಾಯಿಮಾತಿನ ಉತ್ತರ ಸಾಲದು. ಬರೆದು ಕೊಟ್ಟ ಮೇಲೆ ಸಹಿ ಹಾಕಿ.